ಕೆಟ್ಟದ್ದನ್ನು ಸರಿಪಡಿಸುವ ವಿದ್ಯೆ ಮತ್ತು ನಮ್ಮ ಶಾಲೆಗಳು

ವಿದ್ಯುತ್ ಪ್ರವಾಹದ ಕುರಿತು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಉತ್ತಮ ಅಂಕ ಪಡೆದ ಹುಡುಗನ ಮನೆಯಲ್ಲಿ ಫ್ಯೂಸ್ ಹೋಯಿತೆನ್ನಿ. ಆತ ಪಕ್ಕದ ಬೀದಿಯ ಎಲೆಕ್ಟ್ರಿಶಿಯನ್‌ನನ್ನು ಕರೆತರಲು ಓಡುತ್ತಾನೆ. ಬಂದವನು ಎಷ್ಟೋ ಸಲ ಏಳನೇ ತರಗತಿಗೇ ಶಾಲೆ ಬಿಟ್ಟವನಾಗಿರುತ್ತಾನೆ. ಅವನಿಗೆ ಫ್ಯೂಸ್ ಕಟ್ಟಲು ಗೊತ್ತು. ಅದು ಏಕೆ ಕರಗುತ್ತದೆಂಬ ಪಾಠ ಅವನಿಗೆ ಸಿಗಲಿಲ್ಲ. ಹುಡುಗನಿಗೆ ಪಾಠ ಗೊತ್ತು, ಕೈ ಬಾರದು. ಓದುಗರೇ, ಒಂದೇ ವಿದ್ಯೆ ಹೀಗೆ ಎರಡು ಹೋಳಾದದ್ದು ಹೇಗೆ? ಅದನ್ನು ಮತ್ತೆ ಕೂಡಿಸಲು ಹಿಂದೆ ಯಾರಾದರೂ ಪ್ರಯತ್ನಿಸಿದ್ದರೇ? ಇತಿಹಾಸದ ಕೆಲವು ಪುಟಗಳನ್ನು ತಿರುವಿ ನೋಡೋಣ.

ಕಲಾಯಿ ಒಲೆಯ ಸುತ್ತ

ನಿಮ್ಮಲ್ಲಿ ಹಿರಿಯರಾದವರಿಗೆ ಕಲಾಯಿಯವರ ನೆನಪಿರಬಹುದು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿಯುವ ಈ ಕೆಲಸವನ್ನು ಕರ್ನಾಟಕದ ಅನೇಕ ಊರುಗಳಲ್ಲಿ ಮುಸ್ಲಿಂ ಕುಟುಂಬಗಳು ಮಾಡಿಕೊಂಡು ಬಂದಿದ್ದವು. ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಇದ್ದಿಲು ಕೆಂಪಗಾದ ಮೇಲೆ ಪಾತ್ರೆಯನ್ನು ಕಾಯಿಸುತ್ತಿದ್ದರು. ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಒರೆಸಿದೊಡನೆ ಕಪ್ಪಾಗಿದ್ದ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಇದರೊಳಗೆ ಒಂದು ರಸಾಯನಶಾಸ್ತ್ರದ ಪಾಠವೇ ಅಡಗಿದೆ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಅದು ಲೋಹದ ಮೇಲಿನ ಆಕ್ಸೈಡ್ ಪದರವನ್ನು ತೆಗೆದುಹಾಕುವುದರಿಂದ ತವರ ಗಟ್ಟಿಯಾಗಿ ಹಿಡಿಯುತ್ತದೆ. ತವರವು 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಇದ್ದಿಲ ಒಲೆಯೇ ಸಾಕು. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಇಟ್ಟರೆ ಕಿಲುಬು ಬಂದು ಕೆಡುವುದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ: ಹುಳಿಯಲ್ಲಿರುವ ಆಮ್ಲ ತಾಮ್ರವನ್ನು ಕರಗಿಸುತ್ತದೆ.

ಆದರೆ ಆ ಪಾಠ ಯಾರಿಗೂ ಆಗಲಿಲ್ಲ. ತಿದಿ ಒತ್ತುವ ಹುಡುಗ ಶಾಲೆಗೆ ಹೋಗುತ್ತಿರಲಿಲ್ಲ. ಸುತ್ತ ನಿಂತು ನೋಡುತ್ತಿದ್ದ ಮಕ್ಕಳು ಗಂಟೆ ಹೊಡೆದಾಗ ಶಾಲೆಗೆ ಓಡುತ್ತಿದ್ದರು. ಅಲ್ಲಿ ಕಲಾಯಿಯ ಮಾತು ಬರುತ್ತಿರಲಿಲ್ಲ. ಕೊಡೆ, ಬೀಗ, ಸ್ಟವ್, ಸೈಕಲ್, ಹೊಲಿಗೆಯಂತ್ರ, ರೇಡಿಯೋ ಇವೆಲ್ಲದರ ದುರಸ್ತಿಯೂ ಹೀಗೆಯೇ ಉಸ್ತಾದರಿಂದ ಶಾಗಿರ್ದನಿಗೆ ಇಳಿದು ಬಂದಿತು. ವಿದ್ಯೆ ಅಮೂಲ್ಯವಾದದ್ದೇ, ಆದರೆ ಅದಕ್ಕೆ ತೆತ್ತ ಬೆಲೆ ಶಾಲೆ. 2006ರ ಸಾಚಾರ್ ಸಮಿತಿಯ ವರದಿಯು ಮುಸ್ಲಿಂ ದುಡಿಮೆಗಾರರಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಹೆಚ್ಚೆಂದೂ ಸಂಬಳದ ನೌಕರಿಯಲ್ಲಿರುವವರ ಪಾಲು ಕಡಿಮೆಯೆಂದೂ ತೋರಿಸಿದಾಗ, ಇಂತಹ ಎಷ್ಟೋ ಬಾಲ್ಯಗಳ ಕಥೆ ಆ ಅಂಕಿಗಳ ಹಿಂದಿತ್ತು.

ಫಿನ್ಲೆಂಡಿನ ದಾರಿ

ಕೈಕೆಲಸವನ್ನು ಶಾಲೆಯೊಳಕ್ಕೇ ತಂದರೆ ಹೇಗೆ? ಹೀಗೆ ಯೋಚಿಸಿದವರಲ್ಲಿ ಒಬ್ಬರು ಫಿನ್ಲೆಂಡಿನ ಉನೋ ಸಿಗ್ನೇಯಸ್. ಅವರ ಪ್ರಯತ್ನದಿಂದ 1866ರ ಪ್ರಾಥಮಿಕ ಶಾಲಾ ಶಾಸನದಲ್ಲಿ ಕೈಕೆಲಸಕ್ಕೆ ಪಠ್ಯವಿಷಯದ ಸ್ಥಾನ ಸಿಕ್ಕಿತು. ನೆರೆಯ ಸ್ವೀಡನ್ನಿನಲ್ಲಿ ಒಟ್ಟೊ ಸಾಲೋಮನ್ ಇದೇ ವಿಚಾರವನ್ನು ಬೆಳೆಸಿ, ನಾನಾ ದೇಶಗಳಿಂದ ಬಂದ ಶಿಕ್ಷಕರಿಗೆ ತರಬೇತಿ ಕೊಟ್ಟರು. ಮಕ್ಕಳು ಮಾಡುವ ವಸ್ತು ಮನೆಯಲ್ಲಿ ಬಳಕೆಗೆ ಬರುವಂತಿರಬೇಕು, ಆದರೆ ಮಕ್ಕಳನ್ನು ಬಡಗಿಗಳನ್ನಾಗಿ ಮಾಡುವುದು ಗುರಿಯಲ್ಲ ಎಂಬುದು ಅವರ ನಿಲುವು. ಕಣ್ಣು, ಕೈ, ತಾಳ್ಮೆ ಇವು ಪಳಗಬೇಕು, ದುಡಿಮೆಯ ಬಗ್ಗೆ ಗೌರವ ಮೂಡಬೇಕು ಎಂದು ಅವರು ಬಯಸಿದರು. ಮೊದಮೊದಲು ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಹೊಲಿಗೆ ಎಂಬ ವಿಂಗಡಣೆಯಿತ್ತು. ಇಂದು ಫಿನ್ಲೆಂಡಿನಲ್ಲಿ 7ನೇ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಕೈಕೆಲಸ ಕಡ್ಡಾಯ.

ಝಾಕಿರ್ ಹುಸೇನರ ಎಚ್ಚರಿಕೆ

ನಮ್ಮ ದೇಶದಲ್ಲಿ ಈ ಪ್ರಯತ್ನದ ಮುಂಚೂಣಿಯಲ್ಲಿ ನಿಂತವರು ಡಾ. ಝಾಕಿರ್ ಹುಸೇನ್. ಬರ್ಲಿನ್‌ನಲ್ಲಿ ಓದು ಮುಗಿಸಿ 1926ರಲ್ಲಿ ಹಿಂದಿರುಗಿ, ಮುಚ್ಚುವ ಹಂತದಲ್ಲಿದ್ದ ಜಾಮಿಯಾ ಮಿಲ್ಲಿಯಾದ ಹೊಣೆ ಹೊತ್ತು 1948ರವರೆಗೆ ನಡೆಸಿದವರು ಅವರು. 1937ರ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಅಲ್ಲಿ ರಚನೆಯಾದ ಸಮಿತಿಗೆ ಝಾಕಿರ್ ಹುಸೇನರೇ ಅಧ್ಯಕ್ಷರು. ಖ್ವಾಜಾ ಗುಲಾಮುಸ್ಸೈಯದೈನ್, ವಿನೋಬಾ ಭಾವೆ, ಜೆ.ಸಿ. ಕುಮಾರಪ್ಪ ಮುಂತಾದವರು ಸದಸ್ಯರು. ಡಿಸೆಂಬರಿನಲ್ಲಿ ವರದಿ ಸಿದ್ಧವಾಯಿತು.

ಆ ವರದಿಯ ವೇಳಾಪಟ್ಟಿಯನ್ನು ನೋಡಿದರೆ ನೀವು ಬೆರಗಾಗುವಿರಿ. ದಿನದ ಐದೂವರೆ ಗಂಟೆಯಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ. ಮಾತೃಭಾಷೆಗೆ 40 ನಿಮಿಷ. ಸಂಗೀತ, ಚಿತ್ರಕಲೆ, ಗಣಿತ ಸೇರಿ 40 ನಿಮಿಷ. ನೂಲುವಾಗ ಎಳೆ ಎಣಿಸುವುದೇ ಗಣಿತ, ಹತ್ತಿಯ ಹಾದಿಯೇ ಭೂಗೋಳ ಎಂಬಂತೆ ಉಳಿದ ಪಾಠಗಳೂ ಕಸುಬಿನ ಮೂಲಕವೇ ಹರಿದುಬರಬೇಕೆಂಬ ಆಶಯ ಅಲ್ಲಿತ್ತು.

ಮಕ್ಕಳು ತಯಾರಿಸಿದ ವಸ್ತುಗಳ ಆದಾಯದಿಂದ ಶಿಕ್ಷಕರ ಸಂಬಳವೂ ಹುಟ್ಟಬೇಕೆಂಬ ಸ್ವಾವಲಂಬನೆಯ ಮಾತು ಬಂದಾಗ ಝಾಕಿರ್ ಹುಸೇನರು ಸಮ್ಮೇಳನದಲ್ಲೇ ಎಚ್ಚರಿಸಿದರು. ಇದಕ್ಕೆ ಅತಿಯಾದ ಒತ್ತು ಕೊಟ್ಟರೆ ಶಿಕ್ಷಕರು ಬಡಮಕ್ಕಳ ದುಡಿಮೆಯನ್ನು ಹಿಂಡುವ ಮೇಸ್ತ್ರಿಗಳಾದಾರು, ಆಗ ತಕಲಿಯು ಪುಸ್ತಕಕ್ಕಿಂತಲೂ ಕೆಟ್ಟದ್ದಾದೀತು ಎಂಬುದು ಅವರ ಮಾತಿನ ಸಾರ. ಆದಾಯ ಬಾರದಿದ್ದರೂ ಒಳ್ಳೆಯ ಶಿಕ್ಷಣವೆಂಬ ಕಾರಣಕ್ಕೇ ಇದನ್ನು ಒಪ್ಪಬೇಕೆಂದು ವರದಿಯೂ ಹೇಳಿತು.

1938ರ ಹರಿಪುರ ಕಾಂಗ್ರೆಸ್ ಅಧಿವೇಶನ ಈ ಯೋಜನೆಯನ್ನು ಒಪ್ಪಿತು. ಮೂಲಶಿಕ್ಷಣದ ಶಾಲೆಗಳೂ ತೆರೆದವು. ಆದರೆ ಕಾಲಕ್ರಮದಲ್ಲಿ ಅವು ಹಳ್ಳಿಯ ಬಡಮಕ್ಕಳ ಶಾಲೆಗಳೆಂದೂ ಪಟ್ಟಣದ ಶಾಲೆಗಳೇ ನೌಕರಿಗೆ ದಾರಿಯೆಂದೂ ಜನ ಭಾವಿಸಿದರು. ತಂದೆತಾಯಂದಿರನ್ನು ದೂರುವಂತಿಲ್ಲ, ಮಗ ತಮ್ಮಂತೆ ಕೈ ಸವೆಸಬಾರದೆಂದೇ ಅವರು ಅವನನ್ನು ಶಾಲೆಗೆ ಕಳುಹಿಸಿದ್ದರು. ಮುಂದೆ ಕೊಠಾರಿ ಆಯೋಗ (1964–66) ‘ಕಾರ್ಯಾನುಭವ’ವೆಂದು, 1977ರ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವೆಂದು ಹೆಸರಿಟ್ಟು ಅದೇ ವಿಚಾರವನ್ನು ಮತ್ತೆ ತಂದವು. ಅನೇಕ ಶಾಲೆಗಳಲ್ಲಿ ಅದು ಅಂಕಪಟ್ಟಿಯ ಒಂದು ಸಾಲಾಗಿ ಉಳಿಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ‘ಚೀಲರಹಿತ ದಿನ’ಗಳನ್ನು ಸೂಚಿಸಿ, ಬಡಗಿ, ಕುಂಬಾರ, ತೋಟಗಾರರಿಂದ ಕಲಿಯುವ ಅವಕಾಶವನ್ನು ಹೇಳಿದೆ.

ನಾವು ಮಾಡಬಹುದಾದದ್ದು

ಈ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕೈಕೆಲಸವನ್ನು ಬಡವರ ಮಕ್ಕಳಿಗೆಂದು ಮೀಸಲಿಟ್ಟಲ್ಲಿ ಅದು ಸೋತಿದೆ; ಎಲ್ಲ ಮಕ್ಕಳಿಗೂ ಸಮಾನವಾಗಿ ಕಲಿಸಿದಲ್ಲಿ ಉಳಿದಿದೆ. 14 ವರ್ಷದೊಳಗಿನ ಮಗುವನ್ನು ಗ್ಯಾರೇಜಿನಲ್ಲಿ ದುಡಿಸುವುದು ಕಾನೂನಿಗೆ ವಿರುದ್ಧ. ಅದನ್ನು ಕಲಿಕೆಯೆಂದು ಕರೆದು ಸಮಾಧಾನ ಪಡುವಂತಿಲ್ಲ. ಆದರೆ ಗ್ಯಾರೇಜಿನ ಉಸ್ತಾದರನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆಯಲು ಯಾವ ಅಡ್ಡಿಯೂ ಇಲ್ಲ.

ಅವರು ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ತೋರಿಸಲಿ. ಗಾಳಿಯ ಒತ್ತಡದ ಪಾಠವನ್ನು ವಿಜ್ಞಾನ ಶಿಕ್ಷಕರು ಅಲ್ಲೇ ಮಾಡಲಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗ್ ಪಿನ್ ಮಾತ್ರ ಏಕೆ ಉದ್ದವೆಂದು ಮಕ್ಕಳೇ ಬಿಚ್ಚಿ ನೋಡಲಿ. ಅದು ಮೊದಲು ತಗುಲಿ ಕೊನೆಗೆ ಬಿಡುವುದರಿಂದ ಬಳಸುವವರಿಗೆ ರಕ್ಷಣೆ. ಇಂತಹ ಪಾಠಕ್ಕೆ ತಂತಿ ಜೋಡಿಸದ ಪ್ಲಗ್ಗೇ ಇರಲಿ, ಮೇನ್ ಸ್ವಿಚ್ ಆರಿಸುವುದೇ ಮೊದಲ ಪಾಠವಾಗಲಿ. ತೊಟ್ಟಿಕ್ಕುವ ನಲ್ಲಿಯ ವಾಷರ್ ಬದಲಿಸುವುದನ್ನು ಹುಡುಗಿಯರೂ, ಗುಂಡಿ ಹೊಲಿಯುವುದನ್ನು ಹುಡುಗರೂ ಕಲಿಯಲಿ. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ)ರಿಂದ ವರದಿಯಾಗಿರುವಾಗ ನಮ್ಮ ಗಂಡುಮಕ್ಕಳಿಗೆ ಸೂಜಿ ಹಿಡಿಯಲು ನಾಚಿಕೆಯೇಕೆ?

2022ರಲ್ಲಿ ಜಗತ್ತು 6 ಕೋಟಿ 20 ಲಕ್ಷ ಟನ್ ಇ-ತ್ಯಾಜ್ಯ ಹೊರಹಾಕಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದೇ ವರ್ಷ ಭಾರತ ಸರ್ಕಾರವೂ ‘ದುರಸ್ತಿಯ ಹಕ್ಕು’ ಕುರಿತ ಜಾಲತಾಣ ಆರಂಭಿಸಿತು. ಹಕ್ಕು ಕಾಗದದ ಮೇಲೆ ಬಂದರೆ ಸಾಲದು. ಸ್ಕ್ರೂಡ್ರೈವರ್ ಹಿಡಿಯಬಲ್ಲ ಕೈಗಳು ಬೇಕು. ಉಸ್ತಾದರ ಮುಂದೆ ವೈದ್ಯರ ಮಗಳೂ ಮೆಕ್ಯಾನಿಕ್‌ನ ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತ ದಿನ, ಆ ಮೆಕ್ಯಾನಿಕ್‌ನ ಮಗ ತನ್ನ ತಂದೆಯ ಕಸುಬನ್ನು ತಲೆಯೆತ್ತಿ ಹೇಳಿಕೊಂಡಾನು. ನಿಮ್ಮ ಊರಿನ ಶಾಲೆಯಲ್ಲಿ ಅಂತಹ ಒಂದು ಬೆಂಚು ಹಾಕಿಸಲು ನೀವು ಮುಂದಾಗುವಿರಾ?