ಮುಂಬಯಿಯ ಹೊಸ ಬಡಾವಣೆಗಳಲ್ಲಿ ಬಾಡಿಗೆಯ ಬಿಡಾರ

ನಗರಗಳ ಚರಿತ್ರೆಯನ್ನು ಬರೆದವರು ಕೋಟೆ, ಬಂದರು, ಗಿರಣಿಗಳಿಗೆ ಕೊಟ್ಟಷ್ಟು ಗಮನವನ್ನು ಬಾಡಿಗೆಯ ಮನೆಗೆ ಕೊಟ್ಟಿಲ್ಲ. ಆದರೆ ಊರು ಬಿಟ್ಟು ಬಂದವನು ನಗರದ ಸ್ವಭಾವವನ್ನು ಮೊದಲು ತಿಳಿಯುವುದು ಬಾಡಿಗೆ ಮನೆಯ ಬಾಗಿಲಿನಲ್ಲಿಯೇ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮುಂಬಯಿಯ ಗಾಮದೇವಿ, ಮಾಟುಂಗಾ ಮುಂತಾದ ಹೊಸ ಬಡಾವಣೆಗಳಲ್ಲಿ ಈ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದನ್ನು ನಾವು ಇಲ್ಲಿ ವಿವೇಚಿಸುತ್ತೇವೆ. ಕನ್ನಡ ಜಿಲ್ಲೆಗಳಿಂದ ಹೋದವರ ಪಾತ್ರವೂ ಇದರಲ್ಲಿ ಸೇರಿರುವುದರಿಂದ ವಿಷಯವು ನಮಗೆ ದೂರದ್ದಲ್ಲ.

೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ೧೮೯೧ರ ಜನಗಣತಿಯಲ್ಲಿ ಸುಮಾರು ೮.೨ ಲಕ್ಷವಿದ್ದ ಜನಸಂಖ್ಯೆ ೧೯೦೧ರಲ್ಲಿ ೭.೭೬ ಲಕ್ಷಕ್ಕೆ ಇಳಿಯಿತು. ಗಾಳಿಬೆಳಕಿಲ್ಲದ ಇಕ್ಕಟ್ಟಿನ ಮನೆಗಳೇ ರೋಗಕ್ಕೆ ಕಾರಣವೆಂದು ಬಗೆದ ಸರಕಾರವು ೧೮೯೮ರಲ್ಲಿ ಶಾಸನದ ಮೂಲಕ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಹಳೆಯ ಕೇರಿಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ತೆರೆಯುವುದು, ಹೊರವಲಯದ ಭೂಮಿಯನ್ನು ನಿವೇಶನಗಳಾಗಿ ವಿಂಗಡಿಸಿ ದೀರ್ಘಾವಧಿಯ ಗೇಣಿಗೆ ಕೊಡುವುದು ಅದರ ಮುಖ್ಯ ಕಾರ್ಯಗಳಾಗಿದ್ದವು. ದಾದರ್–ಮಾಟುಂಗಾ ಬಡಾವಣೆ ಹುಟ್ಟಿದ್ದು ಹೀಗೆ.

ಅದುವರೆಗೆ ಸಾಮಾನ್ಯ ನೌಕರನಿಗೆ ದೊರೆಯುತ್ತಿದ್ದುದು ಚಾಳಿನ ಒಂದು ಕೋಣೆ. ಉದ್ದನೆಯ ಪಡಸಾಲೆ, ಅದಕ್ಕೆ ತೆರೆದ ಕೋಣೆಗಳ ಸಾಲು, ಎಲ್ಲರಿಗೂ ಸಮಾನವಾದ ನಲ್ಲಿ ಮತ್ತು ಶೌಚಗೃಹ: ಇದು ಚಾಳಿನ ರಚನೆ. ಹೊಸ ಕಟ್ಟಡಗಳಲ್ಲಿ ಒಂದೊಂದು ಸಂಸಾರಕ್ಕೆ ಅಡುಗೆಮನೆ, ಬಚ್ಚಲು, ಶೌಚಗೃಹಗಳು ಒಂದೇ ಬಾಗಿಲಿನೊಳಗೆ ಒದಗಿದವು. ಇದನ್ನು ಮುಂಬಯಿಯವರು ‘ಬ್ಲಾಕು’ ಎಂದು ಕರೆದರು. ಊರಿನಲ್ಲಿ ಶೌಚದ ಸ್ಥಳವನ್ನು ಹಿತ್ತಲಿನಾಚೆಗೆ ಇಡುತ್ತಿದ್ದ ಮಡಿವಂತ ಕುಟುಂಬಗಳು ಅದನ್ನು ದೇವರ ಗೂಡಿನಿಂದ ಕೆಲವೇ ಹೆಜ್ಜೆಗಳ ಅಂತರದಲ್ಲಿ ಒಪ್ಪಿಕೊಳ್ಳಬೇಕಾಯಿತು. ಆಚಾರದಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಈ ಹೊಸ ವಸತಿಕ್ರಮಕ್ಕೆ ಸಂಸ್ಥೆಯ ರೂಪ ಕೊಟ್ಟವರಲ್ಲಿ ಕೆನರಾ ಸಾರಸ್ವತರು ಅಗ್ರಗಣ್ಯರು. ಉತ್ತರ ಮತ್ತು ದಕ್ಷಿಣ ಕನ್ನಡಗಳಿಂದ ಮುಂಬಯಿಗೆ ಹೋದ ಈ ಸಮಾಜದವರಿಗಾಗಿ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು ೧೯೦೬ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನು ಆರಂಭಿಸಿದ್ದರು. ೧೯೧೨ರ ಸಹಕಾರ ಕಾಯಿದೆಯು ಸಾಲವಲ್ಲದ ಇತರ ಉದ್ದೇಶಗಳಿಗೂ ಸಂಘ ಸ್ಥಾಪಿಸಲು ಅವಕಾಶ ಕೊಟ್ಟಮೇಲೆ, ೧೯೧೫ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಹುಟ್ಟಿತು. ಇಲ್ಲಿ ಕಟ್ಟಡವು ಸಂಘದ ಸೊತ್ತು. ಸದಸ್ಯನು ಪಾಲುದಾರನೂ ಹೌದು, ಬಾಡಿಗೆದಾರನೂ ಹೌದು. ಮನೆಯ ಯಜಮಾನನ ಕಾಟಕ್ಕೆ ಇದು ಒಳ್ಳೆಯ ಪರಿಹಾರವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಮಾಟುಂಗಾದಲ್ಲಿ ನೆಲೆಸಿದವರು ಬಹುಮಟ್ಟಿಗೆ ದಕ್ಷಿಣದಿಂದ ಬಂದ ಗುಮಾಸ್ತರು, ಬೆರಳಚ್ಚುಗಾರರು, ಉಪಾಧ್ಯಾಯರು. ಬಂಡಿಯನ್ನಾಗಲಿ ಮೋಟಾರನ್ನಾಗಲಿ ಇಟ್ಟುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಆದುದರಿಂದ ನಡೆದು ತಲುಪಬಹುದಾದ ದೂರವೇ ಮನೆಯ ಯೋಗ್ಯತೆಯನ್ನು ನಿರ್ಣಯಿಸಿತು. ರೈಲು ನಿಲ್ದಾಣ, ತರಕಾರಿಯ ಮಾರುಕಟ್ಟೆ, ದೇವಾಲಯ, ಐದು ಉದ್ಯಾನಗಳು ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿದ್ದವು. ೧೯೨೬ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಇಲ್ಲಿಯೇ ನೆಲೆ ಕಂಡುಕೊಂಡಿತು. ೧೯೩೨ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯೂ, ೧೯೪೨ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗೂ ಆರಂಭವಾದವು. ಶಾಲೆ, ಊಟ, ಭಾಷೆ ಮೂರೂ ನಾಲ್ಕು ಬೀದಿಗಳೊಳಗೆ ಸಿಕ್ಕಿದಾಗ ಬಿಡಾರವು ಮನೆಯಾಗುವುದು ಸಹಜವೇ.

ಆದರೆ ಚಿತ್ರದ ಮತ್ತೊಂದು ಮುಖವನ್ನು ಮರೆಮಾಡುವುದು ಚರಿತ್ರಕಾರನಿಗೆ ಸಲ್ಲದು. ತನ್ನವರಿಗೆ ಆಸರೆಯಾದ ಗೋಡೆಯೇ ಪರರಿಗೆ ತಡೆಯಾಯಿತು. ೧೯೧೭ರಲ್ಲಿ ನೌಕರಿಗೆಂದು ಬರೋಡೆಗೆ ಹೋದ ಅಂಬೇಡ್ಕರರಿಗೆ ಅಲ್ಲಿ ವಸತಿಯೇ ದೊರೆಯದೆ ಹಿಂದಿರುಗಬೇಕಾದ ಸಂಗತಿಯನ್ನು ಅವರೇ ಬರೆದಿಟ್ಟಿದ್ದಾರೆ. ವಿದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡಿದ ಮೇಲೆಯೂ ಅವರು ಹಲವು ವರ್ಷ ಮುಂಬಯಿಯ ಪರೇಲಿನ ಟ್ರಸ್ಟ್ ಚಾಳಿನಲ್ಲಿದ್ದರು. ದಾದರಿನ ಹಿಂದೂ ಕಾಲೊನಿಗೆ ಬಂದದ್ದು ೧೯೩೦ರ ದಶಕದಲ್ಲಿ, ತಾವೇ ಕಟ್ಟಿಸಿದ ‘ರಾಜಗೃಹ’ಕ್ಕೆ. ಸದಸ್ಯತ್ವವನ್ನು ಒಂದು ಸಮಾಜಕ್ಕೆ ಸೀಮಿತಗೊಳಿಸುವ ಗೃಹ ಸಹಕಾರ ಸಂಘದ ನಿಯಮವನ್ನು, ಅಹಮದಾಬಾದಿನ ಪಾರಸಿ ಸಂಘವೊಂದರ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ಎತ್ತಿಹಿಡಿಯಿತು. ಪ್ರಶ್ನೆಯು ಹಳೆಯದಾದರೂ ತೀರಿಹೋದುದಲ್ಲ.

ಹೊಸ ಮನೆಯನ್ನು ಬಾಡಿಗೆಗೆ ಕಟ್ಟುವ ಪದ್ಧತಿ ಮುಂಬಯಿಯಲ್ಲಿ ಕ್ಷೀಣಿಸಿದ್ದು ಬೇರೊಂದು ಕಾರಣದಿಂದ. ೧೯೪೭ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಗಳನ್ನು ೧೯೪೦ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಭದ್ರತೆ ದೊರೆಯಿತು. ಆದರೆ ಕಟ್ಟುವವರಿಗೆ ಲಾಭವಿಲ್ಲದಾಯಿತು, ಹಳೆಯ ಕಟ್ಟಡಗಳ ದುರಸ್ತಿ ನಿಂತಿತು, ಹೊಸದಾಗಿ ಬರುವವನು ‘ಪಗಡಿ’ ತೆರಬೇಕಾಯಿತು. ಮಾರಾಟಕ್ಕಾಗಿಯೇ ಕಟ್ಟುವ ಫ್ಲ್ಯಾಟುಗಳು ಹೆಚ್ಚಿದುದರಿಂದ ೧೯೬೩ರಲ್ಲಿ ಅದಕ್ಕೆಂದೇ ಬೇರೆ ಕಾಯಿದೆ ಬೇಕಾಯಿತು. ೧೯೪೭ರ ಕಾಯಿದೆಯ ಸ್ಥಾನದಲ್ಲಿ ಹೊಸದೊಂದು ಬಂದದ್ದು ೨೦೦೦ದಲ್ಲಿ.

ಇಷ್ಟರಿಂದ ನಾವು ಒಂದು ನಿರ್ಣಯಕ್ಕೆ ಬರಬಹುದು. ಬಡಾವಣೆಯ ಗುಣವನ್ನು ಬೀದಿಯ ಅಗಲದಿಂದಲೂ ಮನೆಯ ಗಾಳಿಬೆಳಕಿನಿಂದಲೂ ಮಾತ್ರ ಅಳೆದರೆ ಸಾಲದು. ಅಪರಿಚಿತನೊಬ್ಬನು ನಡೆದು ಬಂದು ಬಾಗಿಲು ತಟ್ಟಿದಾಗ ಅವನ ಕುಲವನ್ನು ಕೇಳದೆ ಬಾಡಿಗೆಯನ್ನು ಮಾತ್ರ ಹೇಳುವರೇ ಎಂಬುದೇ ಅದರ ನಿಜವಾದ ಅಳತೆಗೋಲು.