ಕಟ್ಟಡಕ್ಕೆ ಮುಂಚೆ ತಾಲೀಮು

ಊರಿಗೊಂದು ಕಲಾಭವನ ಬೇಕೆಂಬ ಬೇಡಿಕೆಯನ್ನು ನಾವು ಆಗಾಗ ಕೇಳುತ್ತೇವೆ. ಹಿರೇಬೆಂಡಿಗೇರಿ ಇರುವ ಶಿಗ್ಗಾವಿ ಸೀಮೆಯ ಹಳ್ಳಿಗಳು ಕಟ್ಟಡದ ಹಂಗಿಲ್ಲದೆಯೇ ಅಂಥದೊಂದನ್ನು ನಡೆಸಿಕೊಂಡು ಬಂದಿದ್ದವು.

ದೊಡ್ಡಾಟವನ್ನೇ ನೋಡೋಣ. ಸುಗ್ಗಿ ಮುಗಿದ ಮೇಲೆ ಊರ ಬಯಲಲ್ಲಿ ಕಂಬ ನೆಟ್ಟು, ಹಲಗೆ ಹಾಸಿ ಅಟ್ಟ ಕಟ್ಟುತ್ತಿದ್ದರು. ಕಿರೀಟ, ಭುಜಕೀರ್ತಿಗಳನ್ನು ಕಟ್ಟಿಗೆಯಲ್ಲಿ ಕೊರೆದು, ಕನ್ನಡಿ ಚೂರು ಕೂಡಿಸಿ, ಬಣ್ಣ ಬಳಿಯುವವರಿದ್ದರು. ಹೀಗೆ ಹಾಡು, ಕುಣಿತ, ಮಾತು, ಚಿತ್ರಕಲೆ ಎಲ್ಲವೂ ಒಂದೇ ಅಟ್ಟದ ಮೇಲೆ ಸೇರುತ್ತಿದ್ದವು. ಅದರ ಅಭ್ಯಾಸಕ್ಕೆ ಜನರಿಟ್ಟ ಹೆಸರು ‘ತಾಲೀಮು’. ಗರಡಿಮನೆಯ ಸಾಧನೆಗೂ ಅದೇ ಮಾತು. ಕಲಿಕೆ ಎಂಬರ್ಥದ ಈ ಅರಬಿ ಶಬ್ದ ರಾಮಾಯಣ, ಮಹಾಭಾರತಗಳ ಆಟದೊಳಗೆ ಸೇರಿಕೊಂಡಿದ್ದು ಯಾರಿಗೂ ಪರಕೀಯವೆನಿಸಲಿಲ್ಲ.

ಮೊಹರಂ ಬಂದರೆ ಅಲಾವಿ ಕುಣಿಯ ಸುತ್ತ ಹೆಜ್ಜೆಮೇಳ. ಕ್ರಿ.ಶ. 680ರ ಕರ್ಬಲಾ ದುರಂತವನ್ನು ಕನ್ನಡದಲ್ಲಿ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಇದೇ ತಾಲೂಕಿನ ಶಿಶುವಿನಹಾಳದ ಶರೀಫ ಸಾಹೇಬರು (1819-1889) ಅಲಾವಿ ಪದಗಳನ್ನೂ ಕಟ್ಟಿದರು. ಅವರ ಗುರು ಕಳಸದ ಗೋವಿಂದಭಟ್ಟರು.

ಮುಂದೆ ಸಿನಿಮಾ ಬಂತು, ಟಿ.ವಿ. ಬಂತು. ರಾತ್ರಿಯಿಡೀ ಆಟ ನೋಡುವವರು ಕಡಿಮೆಯಾದರು. ಆಗ ಹುಲಸೋಗಿಯ ಕಲಾವಿದ ಟಿ.ಬಿ. ಸೊಲಬಕ್ಕನವರ ಎರಡು ಕೆಲಸ ಕೈಗೆತ್ತಿಕೊಂಡರು. ದೊಡ್ಡಾಟವನ್ನು ಈ ಕಾಲಕ್ಕೆ ಒಗ್ಗಿಸಲು ದುಡಿದರು. ಗೊಟಗೋಡಿಯಲ್ಲಿ ಹೆದ್ದಾರಿಯ ಪಕ್ಕ ‘ಉತ್ಸವ ರಾಕ್ ಗಾರ್ಡನ್’ ಕಟ್ಟಿ, ಹಳ್ಳಿಯ ಬದುಕು, ಕಸುಬುಗಳನ್ನು ಸಿಮೆಂಟಿನ ಶಿಲ್ಪಗಳಲ್ಲಿ ನಿಲ್ಲಿಸಿದರು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನೆಲೆಗೊಂಡದ್ದೂ ಅದೇ ಗೊಟಗೋಡಿಯಲ್ಲಿ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು.

ಅವರ ಶಿಲ್ಪಗಳ ಮುಂದೆ ನಿಂತ ಮಗು ತನ್ನ ಅಜ್ಜನ ಕಾಲದ ಹಳ್ಳಿಯನ್ನು ಕಾಣಬಹುದು. ಇದು ಸಣ್ಣ ಮಾತಲ್ಲ. ಆದರೆ ಶಿಲ್ಪ ಗೆಜ್ಜೆ ಕಟ್ಟಿ ಕುಣಿಯಲಾರದು. ಕುಣಿತ ಉಳಿಯಬೇಕಾದರೆ ಕಲಿಸುವವರು, ಕಲಿಯುವವರು ಒಂದೆಡೆ ಕೂಡಬೇಕು. ಮಲೆನಾಡಿನ ಹೆಗ್ಗೋಡು ಇದಕ್ಕೆ ಸಾಕ್ಷಿ. ಅಲ್ಲಿ ನೀನಾಸಮ್ ಹುಟ್ಟಿದ್ದು 1949ರಲ್ಲಿ. ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ಈ 23 ವರ್ಷಗಳ ಅಂತರದಲ್ಲಿ ದೊಡ್ಡ ಪಾಠವಿದೆ. ಮೊದಲು ಆಡುವ ಜನ ಸೇರಿದರು, ಕಟ್ಟಡ ಅವರ ಹಿಂದೆ ಬಂತು.

ನಮ್ಮ ಬಹುಪಾಲು ಸಮುದಾಯ ಭವನಗಳ ಕಥೆ ಇದಕ್ಕೆ ತಿರುಗುಮುರುಗು. ಕಟ್ಟಡ ಮೊದಲೇ ಬಂದು ಕೂತಿರುತ್ತದೆ. ಮದುವೆ, ಸಭೆಗಳಿಲ್ಲದ ದಿನ ಅದಕ್ಕೆ ಬೀಗ. ಜಾತಿಗೊಂದು, ಮತಕ್ಕೊಂದು ಭವನವಾದರಂತೂ ದೊಡ್ಡಾಟದವನೂ ಹೆಜ್ಜೆಮೇಳದವನೂ ಪರಸ್ಪರ ಮುಖ ನೋಡುವುದೇ ಇಲ್ಲ. ಊರವರು ಭವನ ಕೇಳಲಿ, ತಪ್ಪಿಲ್ಲ. ಜೊತೆಗೆ ಅಲ್ಲಿ ವಾರಕ್ಕೆ ಎರಡು ರಾತ್ರಿಯಾದರೂ ಎಲ್ಲರ ಮನೆಯ ಮಕ್ಕಳಿಗೂ ತಾಲೀಮು ನಡೆಯಲಿ ಎಂದೂ ಕೇಳಬೇಕು.