ಮಗನನ್ನು ಒಪ್ಪದ ಅಪ್ಪ, ಅಪ್ಪನನ್ನು ಅರಿಯದ ಮಗ

ಕನ್ನಡ ಸಿನಿಮಾದ ಭಾವಲೋಕದಲ್ಲಿ ತಾಯಿಗೇ ಅಗ್ರಪಟ್ಟ. ಹಾಡು, ಕಣ್ಣೀರು, ಕೊನೆಯ ದೃಶ್ಯದ ಅಪ್ಪುಗೆ ಎಲ್ಲವೂ ಅವಳ ಪಾಲು. ಅಪ್ಪ ಬಹುಮಟ್ಟಿಗೆ ಗದರುವ ದನಿ, ಇಲ್ಲವೇ ಗೋಡೆಯ ಮೇಲಿನ ಪಟ. ಆದರೂ ಅಪ್ಪ-ಮಗನ ನಡುವಿನ ಬಿರುಕನ್ನೇ ಕಥೆಯಾಗಿಸಿದ ಚಿತ್ರಗಳ ಸಾಲೊಂದು ನಮ್ಮಲ್ಲಿದೆ. ಅದನ್ನು ಹಿಂಬಾಲಿಸಿದರೆ, ಯಾರು ಯಾರನ್ನು ಒಪ್ಪಿಕೊಳ್ಳಬೇಕು ಎಂಬ ಹೊಣೆಯೇ ಕೈ ಬದಲಾಯಿಸಿರುವುದು ಕಾಣುತ್ತದೆ.

ಮೊದಲ ನೆಲೆ ಪುರಾಣದ್ದು. ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ, ಯಕ್ಷಗಾನದ ಕಾಳಗಗಳಿಂದ ಕನ್ನಡಿಗರಿಗೆ ಪರಿಚಿತನಾಗಿದ್ದ ಬಬ್ರುವಾಹನನನ್ನು ಹುಣಸೂರು ಕೃಷ್ಣಮೂರ್ತಿ 1977ರಲ್ಲಿ ತೆರೆಗೆ ತಂದರು. ಅಶ್ವಮೇಧದ ಕುದುರೆಯ ಬೆನ್ನಿಗೆ ಬಂದ ಅರ್ಜುನ, ಎದುರು ನಿಂತ ಮಗನನ್ನು ಮಗನೆಂದು ಒಪ್ಪುವುದಿಲ್ಲ. ಅವನ ತಾಯಿ ಚಿತ್ರಾಂಗದೆಯ ಶೀಲವನ್ನೇ ಶಂಕಿಸುತ್ತಾನೆ. ಕಾಳಗದಲ್ಲಿ ಮಗನ ಕೈಯಲ್ಲೇ ಸತ್ತು, ಸಂಜೀವಕ ಮಣಿಯಿಂದ ಮತ್ತೆ ಬದುಕುತ್ತಾನೆ. ಎರಡೂ ಪಾತ್ರ ರಾಜ್‌ಕುಮಾರ್ ಅವರದೇ. ಒಂದೇ ಮುಖ ಎದುರುಬದುರಾದಾಗ ಅರ್ಜುನನ ನಿರಾಕರಣೆ ಪ್ರೇಕ್ಷಕರ ಕಣ್ಣೆದುರೇ ಸುಳ್ಳಾಗುತ್ತದೆ.

ಅದೇ ದಶಕದ ಸಾಮಾಜಿಕ ಚಿತ್ರಗಳಲ್ಲಿ ಅಪ್ಪನೆಂದರೆ ಮಗನ ತಲೆಗೆ ಬಂದ ಋಣ. ಭೈರಪ್ಪನವರ ಕಾದಂಬರಿ ಆಧರಿಸಿ ಬಿ.ವಿ. ಕಾರಂತ, ಗಿರೀಶ ಕಾರ್ನಾಡ ಜೊತೆಯಾಗಿ ನಿರ್ದೇಶಿಸಿದ ‘ವಂಶವೃಕ್ಷ’ದಲ್ಲಿ, ಕುಲದ ಶುದ್ಧಿಯನ್ನೇ ನಂಬಿ ಬಾಳಿದ ಶ್ರೋತ್ರಿಗಳಿಗೆ ಇಳಿವಯಸ್ಸಿನಲ್ಲಿ ತಮ್ಮ ಹುಟ್ಟಿನ ಸತ್ಯ ತಿಳಿಯುತ್ತದೆ. ಗೊರೂರರ ಕಥೆಯಿಂದ ಸಿದ್ಧಲಿಂಗಯ್ಯ ರೂಪಿಸಿದ ‘ಭೂತಯ್ಯನ ಮಗ ಅಯ್ಯು’ (1974) ಇನ್ನಷ್ಟು ನೇರ. ಅಪ್ಪ ಗಳಿಸಿಟ್ಟ ಆಸ್ತಿಯೊಂದಿಗೆ ಊರಿನ ದ್ವೇಷವೂ ಅಯ್ಯುವಿನ ಪಾಲಿಗೆ ಬರುತ್ತದೆ. ಮನುಷ್ಯನಾಗಬೇಕಾದರೆ ಅವನು ಭೂತಯ್ಯನ ಮಗನಾಗಿ ಉಳಿಯುವಂತಿಲ್ಲ.

ದೊಡ್ಡ ತಿರುವು 2016ರದು. ಹೇಮಂತ್ ಎಂ. ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ವೆಂಕೋಬ ರಾವ್‌ಗೆ (ಅನಂತ್ ನಾಗ್) ಮರೆವಿನ ಕಾಯಿಲೆ. ಅಪ್ಪನನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟು ಮುಂಬೈ ಸೇರಿದ್ದ ಶಿವ (ರಕ್ಷಿತ್ ಶೆಟ್ಟಿ) ಅವರನ್ನು ಹೊರಗೆ ಕರೆದುಕೊಂಡು ಹೋದಾಗ ಅವರು ಕಳೆದುಹೋಗುತ್ತಾರೆ. ಹುಡುಕಾಟಕ್ಕೆ ಇಳಿದ ಮಗನಿಗೆ ತನ್ನ ಅಪ್ಪ ಎಂಥವರೆಂಬುದು ಬೇರೆಯವರ ಬಾಯಿಂದ ಗೊತ್ತಾಗಬೇಕು. ಅರ್ಜುನ ಬೇಕೆಂದೇ ಗುರುತಿಸಲಿಲ್ಲ. ವೆಂಕೋಬ ರಾವ್‌ಗೆ ಗುರುತಿಸುವ ಶಕ್ತಿಯೇ ಇಲ್ಲ. ಪರೀಕ್ಷೆಗೆ ಕೂತವನು ಈಗ ಮಗ.

ಅದೇ ವರ್ಷ ತೆರೆಕಂಡ ರಾಮ್ ರೆಡ್ಡಿ ಅವರ ‘ತಿಥಿ’, ಲೊಕಾರ್ನೊ ಚಿತ್ರೋತ್ಸವದಲ್ಲಿ ಆಗಲೇ ಪ್ರಶಸ್ತಿ ಗೆದ್ದಿತ್ತು. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ಈ ಚಿತ್ರ ಸೆಂಟಿಮೆಂಟನ್ನು ಬಾಗಿಲಲ್ಲೇ ತಡೆಯುತ್ತದೆ. ಜಮೀನು ಮಾರಲು ಹೊರಟ ತಮ್ಮಣ್ಣ, ಬದುಕಿರುವ ಅಪ್ಪ ಗಡ್ಡಪ್ಪನನ್ನು ಕಾಗದದ ಮೇಲೆ ಸಾಯಿಸುತ್ತಾನೆ. ಗಡ್ಡಪ್ಪನಿಗೋ ಆಸ್ತಿಯೂ ಬೇಡ, ಮಗನ ಮೇಲೆ ಸಿಟ್ಟೂ ಇಲ್ಲ, ತಿರುಗಾಟವೊಂದಿದ್ದರೆ ಸಾಕು. ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ಮತ್ತೆ ದೈವದ ಕಡೆಗೆ ತಿರುಗಿತು: ಕೋಲ ಕಟ್ಟುತ್ತಲೇ ಕಾಡಿನಲ್ಲಿ ಮಾಯವಾದ ಅಪ್ಪನ ಪಾತ್ರಿಯ ಹೊಣೆಯಿಂದ ದೂರ ಉಳಿದ ಮಗ, ಕೊನೆಗೆ ಅದಕ್ಕೇ ಮೈಯೊಡ್ಡುತ್ತಾನೆ.

ಈ ಸಾಲಿನ ಮಿತಿಯೂ ಸ್ಪಷ್ಟ. ಅರ್ಜುನ ಸಾಯಬೇಕು, ಭೂತಯ್ಯ ಇಲ್ಲವಾಗಬೇಕು, ವೆಂಕೋಬ ರಾವ್ ಮರೆಯಬೇಕು, ಕಾಂತಾರದ ಅಪ್ಪ ಮಾಯವಾಗಬೇಕು. ಆಮೇಲೆಯೇ ಮಗ ಬದಲಾಗುತ್ತಾನೆ. ಗಟ್ಟಿಮುಟ್ಟಾಗಿ ಉಳಿದ ಗಡ್ಡಪ್ಪನೊಡನೆ ರಾಜಿಯ ಮಾತೇ ಏಳುವುದಿಲ್ಲ. ಇಬ್ಬರೂ ನೆಟ್ಟಗಿದ್ದು, ಎದುರು ಕೂತು, ಹಳೆಯ ಲೆಕ್ಕ ಬಿಚ್ಚಿ ಜಗಳವಾಡುವ ಚಿತ್ರಗಳು ಕನ್ನಡದಲ್ಲಿ ಇನ್ನೂ ವಿರಳ. ಮುಂದಿನ ಚಿತ್ರಕಥೆಗಾರರಿಗೆ ಉಳಿದಿರುವ ಕೆಲಸ ಅಲ್ಲಿದೆ.